ಏಣಿ ಸಾರ್‌ನ ಕುರ್ಚಿ

"ರೀ, ಈ ಕುರ್ಚಿ ಹತ್ತೋದಕ್ಕೆ ನಾನು ದಿನಾ ಮನೆಯಿಂದ ಏಣಿ ತರ್ಲಾ?"

ಶುರುವಾಗಿದ್ದು ಹೀಗೆ, ಜಗಳದಿಂದ. ವಾಷಿಂಗ್ ಮೆಷಿನ್ ಕಂಪನಿಯೊಂದರ ಹೆಲ್ಪ್‌ಲೈನ್ ಆಫೀಸು ಅದು. ಸಾಲುಸಾಲು ಮೇಜುಗಳಲ್ಲಿ ಇವರಿಬ್ಬರ ಪಾಲಿಗೆ ಒಂದೇ ಮೇಜು, ಒಂದೇ ಕುರ್ಚಿ. ಬೆಳಗಿನ ಶಿಫ್ಟು ಅವಳದು, ಮಧ್ಯಾಹ್ನದಿಂದ ಅವನದು. ಅವನೋ ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಆಸಾಮಿ. ಇವಳು ತುದಿಗಾಲಲ್ಲಿ ನಿಂತರೆ ಅವನ ಅಂಗಿಯ ಜೇಬಿಗೆ ಬಂದಾಳು. ಅವನು ಬಿಟ್ಟುಹೋದ ಕುರ್ಚಿಯಲ್ಲಿ ಬೆಳಿಗ್ಗೆ ಕೂತರೆ ಇವಳ ಕಾಲು ಗಾಳಿಯಲ್ಲಿ.

"ನೀವು ಇಳಿಸಿ ಹೋದ ಕುರ್ಚೀಲಿ ಕೂತ್ರೆ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತೆ," ಅಂದ ಅವನು. "ನಾನೇನಾದ್ರೂ ಅಂದೆನಾ, ಕುಳ್ಳಿ ಮೇಡಂ?"

"ಓಹೋ, ಕುಳ್ಳಿನಾ? ಹಾಗಾದ್ರೆ ಇವತ್ತಿಂದ ನೀವು ಏಣಿ ಸಾರ್."

ಮಾರನೇ ಬೆಳಿಗ್ಗೆ ಕುರ್ಚಿ ಅವಳ ಎತ್ತರಕ್ಕೆ ಇಳಿದಿತ್ತು. ಕಾಲು ನೆಲಕ್ಕೆ ಊರಿತು. ತನ್ನನ್ನು ನೆನೆದು ಯಾರೋ ಒಂದು ಕೆಲಸ ಮಾಡಿ ಎಷ್ಟು ಕಾಲವಾಯಿತು ಅನ್ನಿಸಿ ಅವಳು ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡಳು. ಇಷ್ಟಕ್ಕೆಲ್ಲ ಅಳ್ತಾರೇನೇ ಅಂತ ತನ್ನನ್ನೇ ಬೈದುಕೊಂಡಳು. ಮಧ್ಯಾಹ್ನ ಏಳುವಾಗ ಅವನಿಗಾಗಿ ಕುರ್ಚಿ ಏರಿಸಿಟ್ಟಳು.

ಆಮೇಲೆ ಅದೇ ರೂಢಿಯಾಯಿತು. ಹೋಗುವವರು ಬರುವವರ ಎತ್ತರಕ್ಕೆ ಕುರ್ಚಿ ಇಟ್ಟು ಹೋಗುವುದು.

ಅವಳಿದ್ದದ್ದು ಅಕ್ಕ-ಭಾವನ ಮನೆಯಲ್ಲಿ. ಪಕ್ಕದ ಕೋಣೆಯಿಂದ ಅಕ್ಕ ಮೆಸೇಜ್ ಹಾಕುವಳು, ಊಟ ಮೇಜಿನ ಮೇಲಿದೆ ಅಂತ. ಇವಳು ಹೆಬ್ಬೆರಳಿನ ಚಿತ್ರ ಕಳಿಸುವಳು. ಅಲ್ಲಿಗೆ ಮನೆಯ ಮಾತು ಮುಗೀತು. ಆಫೀಸಿನಲ್ಲೋ ಒಂದು ಕರೆ ಮುಗಿದರೆ ಇನ್ನೊಂದು ತಾನಾಗಿಯೇ ಕಿವಿಗೆ ಬೀಳುತ್ತಿತ್ತು. ಊರೆಲ್ಲ ಮಾತಾಡಿಸಿದರೂ ಅವಳನ್ನು ಮಾತಾಡಿಸುವವರಿಲ್ಲ. "ಪ್ಲಗ್ ತೆಗೆದು ಮತ್ತೆ ಹಾಕಿ ನೋಡಿ" ಅನ್ನೋದಕ್ಕೇ ನಾನು ಹುಟ್ಟಿದ್ದಾ ಅಂತ ಮೊದಮೊದಲು ಕೇಳಿಕೊಳ್ಳುತ್ತಿದ್ದಳು. ಆಮೇಲೆ ಕೇಳಿಕೊಳ್ಳುವುದನ್ನೂ ಬಿಟ್ಟಿದ್ದಳು.

ಈಗ ಮಧ್ಯಾಹ್ನಕ್ಕಾಗಿ ಕಾಯುವ ಹಾಗಾಯಿತು.

"ಇವತ್ತು ಎಷ್ಟು ಬೈಗುಳ ತಿಂದ್ರಿ?"

"ಹೊಟ್ಟೆ ತುಂಬ. ನಿಮಗೂ ಸ್ವಲ್ಪ ಉಳಿಸಿದೀನಿ."

ಅವನು ನಗುತ್ತ ಅವಳು ಬಿಚ್ಚಿಟ್ಟ ಹೆಡ್‌ಫೋನ್ ಹಾಕಿಕೊಂಡ. "ಇನ್ನೂ ಬೆಚ್ಚಗಿದೆ."

"ಆರೋ ತನಕ ಕಾಯಿರಿ."

"ಬೇಡ. ಹೀಗೇ ಇರ್ಲಿ." ಕಣ್ಣು ಪರದೆಯ ಮೇಲಿತ್ತು, ಆದರೆ ಕಿವಿ ಕೆಂಪಾಗಿತ್ತು. ಅವಳು ಲಿಫ್ಟಿನವರೆಗೂ ನಗುತ್ತ ಹೋದಳು.

ಗ್ರಾಹಕರ ಕಾರ್ಡಿನ ವಿವರ ಯಾರೂ ಬರೆದುಕೊಳ್ಳಬಾರದು ಅಂತ ಫೋನು, ಪೆನ್ನು, ಕಾಗದ ಎಲ್ಲ ಬಾಗಿಲ ಲಾಕರಿನಲ್ಲೇ ಇಟ್ಟು ಬರಬೇಕಿತ್ತು. ಪರದೆಯಲ್ಲೂ ಕರೆ ಮಾಡಿದವರ ನಂಬರ್ ಕಾಣುತ್ತಿರಲಿಲ್ಲ, ಟೈಪ್ ಮಾಡಿದ್ದು ಕರೆ ಮುಗಿದೊಡನೆ ಮಾಯ. ಫೋನು ಕೈಯಲ್ಲಿಲ್ಲದೆ ಒಬ್ಬರ ನಂಬರ್ ಇನ್ನೊಬ್ಬರು ಕೇಳುವ ಸಂದರ್ಭ ಬರಲಿಲ್ಲ. ಅಷ್ಟೇ ಅಲ್ಲ, ಇಬ್ಬರಿಗೂ ನಾಚಿಕೆ. ನಾಳೆ ಹೇಗೂ ಸಿಗ್ತಾರಲ್ಲ ಅನ್ನೋ ಧೈರ್ಯ ಬೇರೆ.

ಒಂದು ದಿನ ಸೂಪರ್‌ವೈಸರ್ ಎಲ್ಲರನ್ನೂ ಕರೆದು ಹೇಳಿದ. ಇನ್ನು ಮೇಲೆ ದೂರುಗಳಿಗೆ ಕಂಪ್ಯೂಟರೇ ಉತ್ತರ ಕೊಡುತ್ತೆ, ತಿಂಗಳ ಕೊನೆಗೆ ಎಲ್ಲರೂ ಮನೆಗೆ. ಅವತ್ತು ರಾತ್ರಿಯೆಲ್ಲ ಅವಳು ಯೋಚಿಸಿದ್ದು ಕೆಲಸದ ಬಗ್ಗೆ ಅಲ್ಲ. ಅವನು ಹೋದರೆ ತನಗೆ ಈ ಲೋಕದಲ್ಲಿ ಮತ್ತೆ ಯಾರೂ ಇಲ್ಲ. ನಾಳೆ ಕೇಳೇಬಿಡ್ತೀನಿ, ಈ ಕುರ್ಚಿ ಹೋದ ಮೇಲೂ ನನ್ನ ಜೊತೆ ಇರ್ತೀರಾ ಅಂತ.

ಬೆಳಿಗ್ಗೆ ಹೋಗಿ ಕೂತರೆ ಕಾಲು ಗಾಳಿಯಲ್ಲಿ. ಕುರ್ಚಿ ಅವನ ಎತ್ತರದಲ್ಲೇ ಇತ್ತು.

ಕೆಲಸವೇ ಹೋಗುತ್ತೆ ಅಂದಮೇಲೆ ಇವಳ್ಯಾವ ಲೆಕ್ಕ ಅಂತ ಬಿಟ್ಟುಹೋದ, ಅಲ್ವಾ? ಅವಳು ಹಟಕ್ಕೆ ಬಿದ್ದು ಕುರ್ಚಿ ಇಳಿಸಲೇ ಇಲ್ಲ. ಕೇಳಬೇಕೆಂದಿದ್ದ ಮಾತನ್ನು ನುಂಗಿ, ಬೈಯಬೇಕಾದ ಮಾತುಗಳನ್ನು ಮಸೆದಿಟ್ಟುಕೊಂಡು ಕಾದಳು.

ಮಧ್ಯಾಹ್ನ ಅವನು ಬರಲೇ ಇಲ್ಲ.

"ತಿಂಗಳ ಕೊನೆ ತನಕಾನೂ ಕಾಯ್ಲಿಲ್ಲ, ಆ ಶಿಫ್ಟು ನಿನ್ನೆಯೇ ಬಂದ್ ಮಾಡಿದ್ರಲ್ಲಮ್ಮ," ಅಂದ ಸೂಪರ್‌ವೈಸರ್. "ಮಾತಿನ ಮಧ್ಯದಲ್ಲೇ ಎಬ್ಬಿಸಿ ಗೇಟಿನ ತನಕ ಬಿಟ್ಟು ಬಂದ್ರು. ಪಾಪ, ಒಂದ್ನಿಮಿಷ ಕುರ್ಚಿ ಇಳಿಸ್ತೀನಿ ಅಂತಿದ್ದ. ಯಾರು ಕೇಳ್ತಾರೆ?"

"ಅವರ ನಂಬರ್?"

"ಕೊಡೋ ಹಾಗಿಲ್ಲ. ರೂಲ್ಸು."

ಅವಳ ಕೊನೆಯ ದಿನವೂ ಬಂತು. ಎದ್ದು ಹೋಗಲು ಇನ್ನು ಸ್ವಲ್ಪ ಹೊತ್ತಿರುವಾಗ ಒಂದು ಕರೆ ಕಿವಿಗೆ ಬಿತ್ತು.

"ಮೇಡಂ, ನಮ್ಮದೊಂದು ಕುರ್ಚಿ ಇತ್ತು. ಇಳಿಸಿ ಬರೋದಕ್ಕೆ ಆಗ್ಲಿಲ್ಲ."

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. "ಎಲ್ಲಿದೀರಿ?"

"ಬಸ್‌ಸ್ಟ್ಯಾಂಡಲ್ಲಿ. ಅಣ್ಣ ಒಂದು ಗೋದಾಮಲ್ಲಿ ಕೆಲಸ ಹುಡುಕಿದಾನೆ, ದೂರ. ಅವತ್ತಿಂದ ಫೋನ್ ಮಾಡ್ತಾನೇ ಇದೀನಿ, ಬರೀ ಬೇರೆಯವರೇ ಸಿಗ್ತಾರೆ. ಮನೇಲಿ ವಾಷಿಂಗ್ ಮೆಷಿನ್ನೇ ಇಲ್ಲ, ಅದರ ಮೇಲೆ ಎಷ್ಟು ದೂರು ಕೊಟ್ಟಿದೀನಿ ಗೊತ್ತಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಂಗೆ ನೀವಂದ್ರೆ ಇಷ್ಟ," ಅಂದ ಅವನು. "ಬಾಯಿಬಿಟ್ಟು ಹೇಳೋದು ಬಿಟ್ಟು ಕುರ್ಚಿ ಕೈಲಿ ಹೇಳಿಸ್ತಾ ಕೂತೆ. ನಂಬರ್ ಹೇಳ್ತೀನಿ. ನಿಮಗೂ ಹಾಗೇ ಇದ್ರೆ ಇವತ್ತು ಸಂಜೆ ಮಾಡಿ. ಮಾಡದಿದ್ರೆ ಬೇಜಾರಿಲ್ಲ. ಅರ್ಥ ಮಾಡ್ಕೋತೀನಿ."

ನಂಬರ್ ಹೇಳಿದ. ಅವಳು ಉಸಿರು ಬಿಗಿಹಿಡಿದು ಅದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. "ನನಗೂ ಹಾಗೇ" ಅನ್ನಬೇಕಿತ್ತು ಅವಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ಕಲಿತ ಗುಣ, ಇದೂ ಹೋಗಲಿಲ್ಲ. ಬಾಯಿಂದ ಬಂದದ್ದು, "ನಿಮ್ಮ ದೂರು ದಾಖಲಾಗಿದೆ ಸರ್."

ಅವನು ಮೆಲ್ಲಗೆ ನಕ್ಕ. "ಆಗ್ಲಿ, ಕುಳ್ಳಿ ಮೇಡಂ. ಬಸ್ ಬಂತು."

ಅವಳು ಹೆಡ್‌ಫೋನಿಗೆ ಕೈ ಹಾಕುವಷ್ಟರಲ್ಲಿ ಮುಂದಿನ ಕರೆ ಬಿದ್ದೇಬಿಟ್ಟಿತು. ಯಾರೋ ವಯಸ್ಸಾದ ಹೆಂಗಸು. "ಮೆಷಿನ್ ನೀರು ಎಳೀತಾನೇ ಇಲ್ಲಮ್ಮ." ಅವಳಿಗೆ ಅರಿವಾಗುವ ಮೊದಲೇ ನಾಲಿಗೆ ಕೇಳಿತು, "ಮೆಷಿನ್ ನಂಬರ್ ಹೇಳಿ ಮೇಡಂ." ಆಕೆ ನಿಧಾನವಾಗಿ, ಒಂದೊಂದೇ ಅಂಕಿ ಹೇಳಿದಳು. ಇವಳು ವಾಡಿಕೆಯಂತೆ ತಿರುಗಿ ಒಪ್ಪಿಸಿದಳು. ಒಪ್ಪಿಸಿ ಮುಗಿಸಿದಾಗ ತಲೆಯಲ್ಲಿ ಉಳಿದಿದ್ದು ಹಾಲಿಗೆ ನೀರು ಬೆರೆತ ಹಾಗೆ. ಮೊದಲ ಕೆಲವು ಅಂಕಿ ಅವನವು. ಮಿಕ್ಕವು ಆಕೆಯ ಮೆಷಿನ್ನಿನವು.

ಲಾಕರಿಗೆ ಓಡಿ ಫೋನ್ ತೆಗೆದಳು. ತೋಚಿದ ಹಾಗೆ ಒತ್ತಿದಳು. ಯಾರೋ ರಾಂಗ್ ನಂಬರ್ ಅಂದರು. ಅಂಕಿ ಹಿಂದುಮುಂದು ಮಾಡಿ ಮತ್ತೆ ಒತ್ತಿದಳು. ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಕಂಪ್ಯೂಟರ್ ದನಿ ಬಹಳ ಮರ್ಯಾದೆಯಿಂದ ಹೇಳಿತು. ರೆಕಾರ್ಡಿಂಗ್ ಕೇಳಿಸಿ ಅಂತ ಸೂಪರ್‌ವೈಸರನ್ನು ಗೋಗರೆದಳು. ಅದು ನಮ್ಮ ಕೈಗೆ ಸಿಗೋದಲ್ಲಮ್ಮ ಅಂದ ಅವನು, ನಿಜವಾದ ಮರುಕದಿಂದಲೇ.

ಸಂಜೆಯಾಗುತ್ತೆ. ಬಸ್ಸಿನ ಕಿಟಕಿ ಪಕ್ಕ ಕೂತು ಅವನು ಫೋನ್ ನೋಡ್ತಾನೆ. ಕತ್ತಲಾದ ಮೇಲೆ ಅದನ್ನು ಜೇಬಿಗೆ ಹಾಕ್ಕೋತಾನೆ. ಅರ್ಥ ಮಾಡ್ಕೋತೀನಿ ಅಂದಿದ್ದ. ಮಾಡ್ಕೊಳ್ಳೋನೇ ಅವನು.

ಮೇಜಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಅವಳು ತನ್ನ ಜಾಗಕ್ಕೆ ವಾಪಸು ಬಂದು, ಕುರ್ಚಿಯನ್ನು ಅವನ ಎತ್ತರಕ್ಕೆ ಏರಿಸಿದಳು. ಒಂದು ಸಲ ಹತ್ತಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ.

ಆಮೇಲೆ ಇಳಿದು, ಕುರ್ಚಿಯನ್ನು ಹಾಗೇ ಬಿಟ್ಟು ಹೊರಟಳು.