ಗಡಿಗೆ ಕೇಳಿದ ಹೆಸರು

"ಸಮತವ್ವಾ, ಮುಟ್ಟಬ್ಯಾಡ ಅದನ್ನ. ನೀರಡಿಕಿ ಕಟ್ಟಿ ಹುಗಿದ ಗಡಿಗಿ ಅದು. ಮ್ಯಾಲೆ ಕೆರಿ ನಿಂತಿದ್ದಕ್ಕ ಇಷ್ಟು ದಿನ ಸುಮ್ಮನಿತ್ತು."

ಕುರಿ ಕಾಯುವ ಜಂಬಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಸಮತಾ ನಕ್ಕುಬಿಟ್ಟಳು.

ಕೋಗಳಿ ಹತ್ತಿರದ ಆ ಕೆರೆ ಈ ಬೇಸಿಗೆಯಲ್ಲಿ ನಡುವಿನವರೆಗೂ ಬತ್ತಿತ್ತು. ತಳದಲ್ಲಿ ಪದರ ಪದರವಾಗಿ ಕೂತ ಕೆಸರಿನಿಂದ ಹಳೆಯ ಕಾಲದ ಮಳೆ, ಬರಗಳನ್ನು ಗುರುತಿಸುವುದು ಮೈಸೂರಿನಿಂದ ಬಂದ ಸಮತಾಳ ಕೆಲಸ. ತಲೆಮಾರುಗಟ್ಟಲೆ ಮಳೆ ಬಾರದ ಕಾಲದ ಬಿಳಿ ಪದರವೊಂದರಲ್ಲಿ ಗಡಿಗೆ ಸಿಕ್ಕಿತ್ತು. ಅದರ ಬಾಯಿಗೆ ಸೀಸ ಹೊಯ್ದು ಮುಚ್ಚಿದ್ದರು.

"ಹಿಮಾಲಯದಲ್ಲಿ ಹಿಮ ಕರಗಿ ಹೊರಬಿದ್ದ ಬಾಣ, ಮೂಳೆ ಎಲ್ಲ ಇದೇ ಕೈಯಲ್ಲಿ ಎತ್ತಿದ್ದೀನಿ ಜಂಬಕ್ಕಾ. ಮಳೆ ಹೋಗೋದು, ಬರೋದು ಕಾಲದ ಗುಣ. ಯಾರ ಮಾಟಾನೂ ಅಲ್ಲ."

ಜಂಬಕ್ಕ ದಿನದಂತೆ ಮಜ್ಜಿಗೆಯ ತಂಬಿಗೆಯನ್ನು ಸಮತಾಳ ಗುಡಾರದ ನೆರಳಿಗಿಟ್ಟು, ಕುರಿಗಳನ್ನು ಹೊಡೆದುಕೊಂಡು ಏರಿಯ ಕಡೆ ಹೋದಳು.

ಸಮತಾ ಗಡಿಗೆಯನ್ನು ಗುಡಾರದೊಳಗೆ ತಂದು ಸೀಸ ಕಿತ್ತಾಗ ಸುಟ್ಟ ಕೂದಲಿನ, ಕಮಟು ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಒಳಗೊಂದು ಮಣ್ಣಿನ ಬೊಂಬೆ. ತೆರೆದ ಬಾಯಿ. ನಾಲಿಗೆಯ ತುಂಬ ಜಾಲಿಮುಳ್ಳು. ಹೊರಗೆ ಹಕ್ಕಿಗಳ ಸದ್ದು ಒಮ್ಮೆಲೇ ನಿಂತಿತು. ಮಟಮಟ ಮಧ್ಯಾಹ್ನದಲ್ಲೇ ಗುಡಾರದೊಳಗೆ ಕತ್ತಲು ಇಳಿಯಿತು.

ಗಂಟಲು ಒಣಗಿತು. ತಂಬಿಗೆ ಎತ್ತಿದಳು. ಬಾಯಿಗೆ ಬಂದದ್ದು ಬೂದಿ. ಬಾಟಲಿಯ ನೀರು ಸುರಿದುಕೊಂಡಳು. ಅದೂ ಬೂದಿ. ತುಟಿ ಸೀಳಿತು. ನಾಲಿಗೆ ಸೆಟೆಯಿತು. ಉಸಿರು ಸಿಕ್ಕಿಕೊಂಡಿತು.

ಗಡಿಗೆಯೊಳಗಿಂದ, ಜೋಳದ ಒಣಸೊಪ್ಪೆ ಉಜ್ಜಿದಂಥ ದನಿ:

"ಯಾರು ತೆಗೆದವರು?"

ತನ್ನ ಹೆಸರು ಬಾಯಿಗೆ ಬಂದಿತ್ತು. ಹೇಳಿದರೆ ಸತ್ತೆನೆಂದು ಜೀವಕ್ಕೆ ತಿಳಿಯಿತು.

"ಜಂಬಕ್ಕ," ಎಂದಳು.

ಥಟ್ಟನೆ ಬಾಯಲ್ಲಿ ನೀರೂರಿತು. ಬೆಳಕು ಬಂತು. ತಂಬಿಗೆಯಲ್ಲಿ ಉಳಿದದ್ದು ಮತ್ತೆ ಮಜ್ಜಿಗೆಯಾಗಿತ್ತು. ತಂಪು, ಹದವಾದ ಉಪ್ಪು. ಅದನ್ನು ಅವಳು ತಳ ಕಾಣುವವರೆಗೂ ಕುಡಿದಳು. ಆಮೇಲಷ್ಟೇ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು. ಗಡಿಗೆಗೆ ಬಾಯಿಟ್ಟು, "ನಾನು! ತೆಗೆದವಳು ನಾನು!" ಎಂದು ಕಿರುಚಿದಳು. ಅದು ಮಾತಾಡಲಿಲ್ಲ.

ಓಡಿದಳು. ಏರಿಯ ಬುಡದ ಹೊಂಡದಲ್ಲಿ ಜಂಬಕ್ಕ ಮೊಣಕಾಲೂರಿ ಬೊಗಸೆ ಬೊಗಸೆ ನೀರು ಮೊಗೆದು ಕುಡಿಯುತ್ತಿದ್ದಳು. ಗದ್ದದಿಂದ ಬೂದಿ ಉದುರುತ್ತಿತ್ತು. ಕುರಿಗಳು ದೂರ ಸರಿದು ನಿಂತಿದ್ದವು.

"ಯವ್ವಾ, ನಿನಗೇನೂ ಆಗಿಲ್ಲಲ್ಲ?" ಸೀಳಿದ ತುಟಿಯಲ್ಲಿ ಜಂಬಕ್ಕ ಮೊದಲು ಕೇಳಿದ್ದು ಅದನ್ನೇ. "ಯಾವುದೋ ದನಿ ನನ್ನ ಹೆಸರು ಹಿಡಿದು ಕರದಂಗಾತು. ನಾನು ಅದನ್ನ ಮುಟ್ಟಿಲ್ಲವ್ವ. ನನ್ನ ಹೆಸರು ಅದಕ್ಕ ಯಾರು ಹೇಳಿದ್ರು?"

ಸಮತಾ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಹೇಳಬೇಕೆಂದು ಬಾಯಿ ತೆರೆದಳು.

"ಗೊತ್ತಿಲ್ಲ ಜಂಬಕ್ಕಾ."

ಜಂಬಕ್ಕ ನಂಬಿದಳು. "ಅಳಬ್ಯಾಡ," ಎಂದು ಅವಳ ಕೆನ್ನೆ ಸವರಿದಳು. ಸವರುತ್ತಿದ್ದ ಕೈ ಹಾಗೇ ಜಾರಿತು.