ಕಣ್ಣು ಬಂದ ಗೋಡೆ

ಗೋಡೆಯ ಮೇಲೆ ಅವನು ಬರೆಯುತ್ತಿದ್ದ ಹೆಂಗಸು ಥೇಟ್ ನಮ್ಮ ಚಿಕ್ಕಮ್ಮ, ಮೋತಿಬಾಯಿ ಮಾವಶಿಯ ಹಾಗಿದ್ದಳು. ಅದೇ ಕೆಂಪು ಲಂಬಾಣಿ ಲಂಗ, ತಲೆಯ ಮೇಲೆ ಅದೇ ಮಾರುವ ಸಾಮಾನಿನ ಗಂಟು. ಆದರೆ ಲಂಗದ ಕನ್ನಡಿಗಳನ್ನೆಲ್ಲ ಬಿಳಿ ಬಣ್ಣದ ಚುಕ್ಕಿಯಲ್ಲಿ ಮುಗಿಸಿಬಿಟ್ಟಿದ್ದ.

ನಾನು ಯಾರನ್ನೂ ಮೊದಲು ಮಾತಾಡಿಸುವವಳಲ್ಲ. ಅವತ್ತು ಬಾಯಿ ತಾನೇ ತೆರೆಯಿತು.

"ಕುರುಡಿ ಆಗ್ಯಾಳ್ರಿ."

ಏಣಿಯ ಮೇಲಿಂದಲೇ ತಿರುಗಿದ. ಮೂಗಿನ ಮೇಲೆ ಹಸಿರು ಬಣ್ಣ. "ಯಾರ್ರಿ?"

"ನಿಮ್ಮ ಲಂಗದಾಕಿ. ಕನ್ನಡಿ ಅಂದ್ರ ಎದುರು ಬಂದವರನ್ನ ನೋಡಬೇಕು. ಇವು ಯಾರನ್ನೂ ನೋಡಂಗಿಲ್ಲ."

"ಆಕಿ ಬದ್ಲಿ ನೀವು ನೋಡಾಕತ್ತೀರಲ್ಲ, ಸಾಕು ಬಿಡ್ರಿ," ಎಂದು ನಕ್ಕ.

ಗಂಟು ಎತ್ತಿಕೊಂಡು ಹೊರಟೆ. ಕಿವಿ ಬಿಸಿಯಾಗಿತ್ತು.

ಅವನ ಹೆಸರು ಭರತ. ಗೋವಾದ ಕಲಂಗುಟ್‌ ಬೀಚಿನ ಶ್ಯಾಕ್ ಹೋಟೆಲುಗಳಿಗೆ ಬೋರ್ಡ್ ಬರೆಯುವವನು, ಗದಗ ಕಡೆಯ ಲಂಬಾಣಿ ತಾಂಡಾದ ಹುಡುಗ. ಆ ಗೋಡೆ ಇರುವ ತಿರುವಿನಲ್ಲೇ ಹೋದ ತಿಂಗಳು ಬಾಡಿಗೆ ಕಾರೊಂದು ಮಾವಶಿಯ ಕಾಲು ಮುರಿದು, ನಿಲ್ಲದೆ ಹೋಗಿತ್ತು. ಬೀಚಿನಲ್ಲಿ ಚೀಲ, ಸರ ಮಾರಿ ನಾವೆಲ್ಲ ಸಂಜೆ ಬರುವುದು ಅದೇ ದಾರಿಯಲ್ಲಿ. ಕಾರು ನಿಧಾನವಾಗಲು ರಸ್ತೆಗೆ ಹಂಪ್ ಹಾಕಿಸಿ ಎಂದು ಹೆಂಗಸರು ಪಂಚಾಯತಿಗೆ ಹೋದರೆ "ನೋಡೋಣ" ಎಂದರು. ಅಪ್ಪ ನೋಡುತ್ತ ಕೂರಲಿಲ್ಲ, ನನ್ನನ್ನು ಊರಿಗೆ ಕಳಿಸುವುದೆಂದ.

"ದೀಪಾವಳಿಗೆ ದೀಪಾನ್ನ ನಮ್ಮ ತಾಂಡಾಕ್ಕ ಬಿಟ್ಟ ಬರ್ತೀನಿ. ಆಕಿ ಅಲ್ಲೇ ಇರ್ಲಿ. ಮಗಳ ಕಾಲು ಮುರಿಸಿ ವ್ಯಾಪಾರ ಬ್ಯಾಡ."

ಮರುದಿನ ಭರತ ದಾರಿಗೆ ಅಡ್ಡ ಬಂದ. "ಖರೇ ಕನ್ನಡಿ ಹಚ್ಚಿದ್ನಿ. ಮುಂಜಾನಿ ನೋಡಿದ್ರ ಎಲ್ಲಾ ಉದುರ್‍ಯಾವು. ನಿಮ್ಮ ಬಟ್ಟಿಮ್ಯಾಲೆ ಹೆಂಗ ನಿಲ್ತಾವ್ರಿ?"

ಚೀಲದ ಅಂಚನ್ನು ಅವನ ಮುಂದೆ ಹಿಡಿದೆ. "ಕನ್ನಡಿಗೆ ತೂತು ಹಾಕಂಗಿಲ್ಲ. ಸುತ್ತಲಿಂದ ದಾರ ಹಿಡೀತೈತಿ. ನೀವೂ ಸುತ್ತ ಸಿಮೆಂಟಿನ ಅಂಚು ಕಟ್ರಿ."

"ಚುಚ್ಚದ ಹಿಡ್ಕೊಳ್ಳೂದು," ಎಂದ ಮೆಲ್ಲಗೆ. ಆಗ ಅವನು ನೋಡುತ್ತಿದ್ದದ್ದು ಚೀಲವನ್ನಲ್ಲ.

ನಾನೇ ಕನ್ನಡಿ ಹಚ್ಚಲು ನಿಂತೆ. ನನ್ನ ನೋಡಿ ಉಳಿದ ಹೆಂಗಸರೂ ಬಂದರು. ಕಾಲಿಗೆ ಪ್ಲಾಸ್ಟರ್ ಹಾಕಿದ ಮಾವಶಿ ಕುರ್ಚಿ ತರಿಸಿಕೊಂಡು ಕೂತಳು.

"ನನ್ನ ಸೊಂಟ ಇಷ್ಟ ದಪ್ಪ ಐತೇನೋ ಭರತಾ?"

"ಗೋಡಿ ಅಗಲ ಐತಿ ಮಾವಶಿ, ನಾ ಏನ್ ಮಾಡ್ಲಿ?"

ನನಗೊಂದು ಅನುಕೂಲವಿತ್ತು. ಗೋಡೆಗೆ ಮುಖ ಮಾಡಿ ನಿಂತರೂ ಹಿಂದೆ ನಿಂತವನು ಕಾಣುತ್ತಿದ್ದ. ಒಂದು ಕನ್ನಡಿಯಲ್ಲಿ ಅವನ ಕಣ್ಣು, ಪಕ್ಕದ್ದರಲ್ಲಿ ನಗು. ಅವನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಲಂಗ ತುಂಬಿದ ಸಂಜೆ ಅಪ್ಪ ಬಂದ. ನನ್ನ ಗಂಟನ್ನು ತನ್ನ ತಲೆಗಿಟ್ಟುಕೊಂಡು ತಿರುವಿನ ಕಡೆ ನಡೆದ. ಹಿಂದಿನಿಂದ ಕಾರೊಂದು ಜೋರಾಗಿ ಬಂತು. ಕಾರಿನ ಲೈಟ್ ಗೋಡೆಗೆ ಬಿದ್ದದ್ದೇ ಕನ್ನಡಿಗಳೆಲ್ಲ ಮಿಂಚಿ ಲಂಗಕ್ಕೆ ಲಂಗವೇ ಹೊತ್ತಿಕೊಂಡಿತು. ಬ್ರೇಕ್ ಕಿರುಚಿತು. ಕಾರು ಅಪ್ಪನ ಹಿಂದೆ ಎತ್ತಿನ ಗಾಡಿಯಂತೆ ತೆವಳಿತು.

ಕಿಟಕಿಯಿಂದ ಒಂದು ಹುಡುಗಿ ತಲೆ ಹೊರಹಾಕಿ ಗೋಡೆಯ ಹೆಂಗಸು ಯಾರೆಂದು ಕೇಳಿದಳು. "ಯೇ ಕೌನ್ ಹೈ?"

"ಮೈ ಹೂಂ! ನಾನ!" ಎಂದು ಮಾವಶಿ ಪ್ಲಾಸ್ಟರ್ ಹಾಕಿದ ಕಾಲು ಎತ್ತಿ ತೋರಿಸಿದಳು.

ಹುಡುಗಿ ವಿಡಿಯೋ ಮಾಡಿಕೊಂಡಳು; ಆ ಮಾತು, ಆ ಕಾಲು, ಆ ಗೋಡೆ ಎಲ್ಲರ ಮೊಬೈಲಿಗೂ ಹೋದವು. ಬಂದವರೆಲ್ಲ ಅಲ್ಲಿ ಇಳಿದು ಫೋಟೋ ತೆಗೆದರು, ಮಾವಶಿಯ ಕಥೆ ಕೇಳಿದರು, ಹಂಪ್ ಎಲ್ಲಿ ಎಂದು ಪಂಚಾಯತಿಯನ್ನೂ ಕೇಳಿದರು. ದೀಪಾವಳಿಗೆ ಮೊದಲೇ ಟಾರಿನ ಲಾರಿ ಬಂತು.

ಅಪ್ಪ ಹೊಸ ಹಂಪನ್ನು ಕಾಲಿನಿಂದ ಒತ್ತಿ ನೋಡಿದ. "ಹಬ್ಬಕ್ಕ ಎಲ್ಲಾರೂ ಹೋಗೂಣು. ಎಲ್ಲಾರೂ ತಿರುಗಿ ಬರೂಣು."

ಹಂಪಿಗೆ ಬಿಳಿ ಪಟ್ಟೆ ಬರೆಯಲು ಭರತನೇ ಬಂದಿದ್ದ. ಗೋಡೆಯ ಹೆಂಗಸಿನ ಹಣೆಯಲ್ಲಿ ಕನ್ನಡಿ ಕೂರಿಸುವ ಒಂದು ಸಿಮೆಂಟಿನ ಅಂಚು ಇನ್ನೂ ಖಾಲಿ ಇತ್ತು.

"ಇದನ್ನ್ಯಾಕ ಬಿಟ್ರಿ?"

"ನೀವ ಹಚ್ಚಲಿ ಅಂತ."

ಏಣಿ ಹತ್ತಿ ಕನ್ನಡಿ ಒತ್ತಿದೆ. ಅದರೊಳಗೆ ಅವನ ಮುಖ ಬಂದು ಕೂತಿತು.

"ದೀಪಾ, ಇನ್ನೂ ಕನ್ನಡ್ಯಾಗ ನೋಡ್ತೀಯೇನು?"

"ನಿಮಗ ಹೆಂಗ ಗೊತ್ತು?"

"ನೀ ನನ್ನ ಕಾಣೂ ಕನ್ನಡ್ಯಾಗ ನಾನೂ ನಿನ್ನ ಕಾಣ್ತೀನಲ್ಲ."

ನಾನು ತಿರುಗಿದೆ. ಮೊದಲ ಸಲ ಅವನನ್ನು ಇಡಿಯಾಗಿ ನೋಡಿದೆ.

"ಅಪ್ಪನ್ನ ಕೇಳಾಕ ಯಾವಾಗ ಬರ್ತೀ?"

ಭರತನ ಕೈಯಿಂದ ಡಬ್ಬಿ ಜಾರಿ, ಬಿಳಿ ಬಣ್ಣವೆಲ್ಲ ಹಂಪಿನ ಮೇಲೆ ಚೆಲ್ಲಿತು. ಆ ಕಲೆ ಇನ್ನೂ ಇದೆ. ಎಂಥ ಅವಸರದ ಕಾರೂ ಅದನ್ನು ಮೆಲ್ಲಗೇ ದಾಟುತ್ತದೆ.