ಎಡ ಸೊಂಟದ ಗುಟ್ಟು

"ಚರ್ಚೇಲಿ ಗೆದ್ದೆಯಾ?"

ಬಾಗಿಲು ತೆರೆದ ಈರೊ ಕೇಳಿದ್ದು ಅಷ್ಟೇ. ಹೊಸ್ತಿಲಾಚೆ ನಿಂತ ಕೊರಿನ್ ತಲೆ ಎತ್ತಲಿಲ್ಲ.

ಅವನ ಹಿಂದೆ ಹಜಾರದ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಹನ್ನೊಂದು ವರ್ಷ ಥಂಡರ್ ಬೇ ಐಸ್ ಹಾಕಿ ತಂಡದ ರಕ್ಷಣಾ ಸಾಲಿನಲ್ಲಿ ಆಡಿದ ಡಿಫೆಂಡರ್ ಅವನು. ಸೋಮವಾರ ತಂಡ ಅವನನ್ನು ಸಸ್ಕಟೂನ್ ತಂಡಕ್ಕೆ ಕೊಟ್ಟು, ಅಲ್ಲಿಂದ ಇಪ್ಪತ್ತೆರಡರ ಹುಡುಗನೊಬ್ಬನನ್ನು ತಂದಿತ್ತು. ಅದು ಪಕ್ಕಾ ಆಗಲು ವೈದ್ಯಕೀಯ ತಪಾಸಣೆಯೊಂದು ಬಾಕಿ.

ಜುಲೈನಲ್ಲಿ ಆಟವಿಲ್ಲ. ಆದರೂ ಊರಿಗೆ ಬೇರೆ ಮಾತಿಲ್ಲ. ಈ ಅದಲುಬದಲಿನಿಂದ ತಂಡ ಸುಧಾರಿಸಿತೇ, ಕೆಟ್ಟಿತೇ? ಅಂದು ಮಧ್ಯಾಹ್ನವಷ್ಟೇ, ತಾನು ನಡೆಸುವ ರೇಡಿಯೊ ಕ್ರೀಡಾ ಚರ್ಚೆಯಲ್ಲಿ ಕೊರಿನ್ "ಸುಧಾರಿಸಿತು" ಎಂದಿದ್ದಳು. ಜೊತೆ ನಿರೂಪಕ ಲಾರ್ನ್ ಬಿಡಲಿಲ್ಲ.

"ಏನಮ್ಮಾ, ಈರೊ ಹೋದ್ರೆ ನಷ್ಟ ನಿಂಗೇ ಅಂತೆ? ಅವನ ಮನೆ ಸೌನಾ, ಆ ಹಬೆ ಕೋಣೆ, ಎಷ್ಟು ಬಿಸಿ ಇತ್ತು?"

ಕರೆ ಮಾಡಿದ್ದವರೂ ನಕ್ಕರು. ಅವಳ ಮುಖ ಉರಿಯಿತು. ಎಂಟು ವರ್ಷ ದುಡಿದು ಸಂಪಾದಿಸಿದ ಹೆಸರು... ಕೊನೆಗೆ ಯಾರದೋ ಹುಡುಗಿ ಅನ್ನಿಸಿಕೊಳ್ಳುವುದೇ?

"ನಾನು ಯಾರ ಪರಾನೂ ಅಲ್ಲ! ಅವನ ಎಡ ಸೊಂಟದ ಕೀಲು ಸವೆದಿದೆ. ಎಡಕ್ಕೆ ತಿರುಗೋಕೇ ಆಗಲ್ಲ. ಸಾಕಾ?"

ಲಾರ್ನ್ ತಟ್ಟನೆ ಜಾಹೀರಾತು ಹಾಕಿಸಿದ.

ಹಾಕಿಯವರು ಗಾಯ ಎಲ್ಲಿದೆ ಎಂದು ಹೊರಗೆ ಹೇಳುವುದಿಲ್ಲ. "ದೇಹದ ಕೆಳಭಾಗ" ಅನ್ನುತ್ತಾರೆ, ಅಷ್ಟೇ. ಗೊತ್ತಾದರೆ ಎದುರಾಳಿ ಅಲ್ಲಿಗೇ ಗುದ್ದುತ್ತಾನೆ. ಈರೊ ಅದನ್ನು ಹೇಳಿದ್ದು ಅವಳೊಬ್ಬಳಿಗೆ. ಸರೋವರಕ್ಕೆ ಕಾಲು ಇಳಿಬಿಟ್ಟು ಕೂತಿದ್ದಾಗ.

ಬಾಗಿಲಿಗೆ ಅಡ್ಡ ನಿಂತೇ ಈರೊ ಹೇಳಿದ: "ಸಸ್ಕಟೂನ್‌ನವರು ಫೋನ್ ಮಾಡಿದ್ರು. ಗುರುವಾರ ಸೊಂಟದ ಸ್ಕ್ಯಾನ್ ಮಾಡಿಸ್ಬೇಕಂತೆ."

"ಈರೊ, ನಾನು..."

"ಅಲ್ಲಿ ಎರಡು ವರ್ಷದ ಒಪ್ಪಂದ ಇತ್ತು ಕೊರಿನ್. ನನ್ನ ಕೊನೇದು."

ಬಾಗಿಲು ಮುಚ್ಚಿತು.

ಅವಳು ಕಾರಿಗೆ ಮರಳಿ ಕೂತಳು. ಛೀ! ಸಿಟ್ಟಿನಲ್ಲಿ ಆಡಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ಅವಳು ಹೆದರಿದ್ದು ಲಾರ್ನ್‌ನ ಒಂದು ಕುಚೋದ್ಯಕ್ಕೆ!

ಮರುದಿನ ಮಧ್ಯಾಹ್ನ ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿನ್ನೆ 'ತಂಡ ಸುಧಾರಿಸಿತು' ಅಂತ ನಾನು ಸುಳ್ಳು ಹೇಳ್ದೆ. ಈರೊ ಹೋದ್ರೆ ಈ ತಂಡ ಸೊರಗುತ್ತೆ. ಅವನ ಕಾಲು ನಿಧಾನ ಆಗಿರಬಹುದು, ಆ ಪಕ್ ಬಿಲ್ಲೆ ಎಲ್ಲಿಗೆ ಬರುತ್ತೆ ಅಂತ ಮಾತ್ರ ಅವನಿಗೇ ಮೊದಲು ಗೊತ್ತಾಗೋದು. ನಾನು ಅವನನ್ನ ಪ್ರೀತಿಸ್ತೀನಿ. ಅದು ಗೊತ್ತಾಗ್ಬಾರ್ದು ಅಂತ ಸುಳ್ಳು ಹೇಳ್ದೆ. ನಂಬಿ ಹೇಳಿದ ಗುಟ್ಟನ್ನ ರಟ್ಟು ಮಾಡ್ದೆ. ಕ್ಷಮೆ ಕೇಳೋಕೂ ನಂಗೆ ಮುಖ ಇಲ್ಲ."

ಮೊದಲ ಕರೆ ಒಬ್ಬ ವಯಸ್ಸಾದ ಹೆಂಗಸಿನದು.

"ಮುಖ ಇಲ್ದಿದ್ರೂ ಕೇಳ್ಬೇಕಮ್ಮಾ."

ಅಷ್ಟು ಹೇಳಿ ಆಕೆ ಫೋನ್ ಇಟ್ಟಳು. ಕೊರಿನ್ ಈರೊಗೆ ಸಂದೇಶ ಕಳಿಸಿ ಕ್ಷಮೆ ಕೇಳಿದಳು. ಅತ್ತ ಕಡೆಯಿಂದ ಏನೂ ಬರಲಿಲ್ಲ.

ಸ್ಕ್ಯಾನ್ ನೋಡಿ ಸಸ್ಕಟೂನ್‌ನವರು ಹಿಂದೆ ಸರಿದರು; ಶುಕ್ರವಾರ ಅದಲುಬದಲು ರದ್ದಾಯಿತು. ಕೊರಿನ್ ಕಾರ್ಯಕ್ರಮ ಮುಗಿಸಿ ಹೊರಬಂದರೆ, ಬಲಗಾಲಿನ ಮೇಲೆ ಭಾರ ಹಾಕಿ ಈರೊ ನಿಂತಿದ್ದ!

"ಕೋಪ ಹೋಗಿಲ್ಲ," ಅಂದ.

"ಹೋಗ್ಬಾರ್ದು."

"ನಾನೂ ಸಾಚಾ ಅಲ್ಲ. ಸವೆದ ಸೊಂಟಾನ ಅವರಿಗೆ ದಾಟಿಸೋಕೆ ಹೊರಟಿದ್ದೆ. ಅಲ್ಲಿಂದ ಬರಬೇಕಿದ್ದ ಆ ಹುಡುಗ ಪಾಪ, ಬಾಡಿಗೆ ಮನೇನೂ ಖಾಲಿ ಮಾಡಿದ್ದನಂತೆ. ಕೇಳಿ ನಾಚಿಕೆ ಆಯ್ತು."

ಅವನು ಒಮ್ಮೆ ಎಡ ಸೊಂಟ ನೀವಿಕೊಂಡ.

"ಸೆಪ್ಟೆಂಬರ್‌ನಲ್ಲಿ ಇದರ ಆಪರೇಷನ್. ಮನೆಗೆ ಕರ್ಕೊಂಡು ಹೋಗೋರು ಯಾರು ಅಂತ ಫಾರ್ಮಲ್ಲಿ ಕೇಳಿದ್ರು. ನಿನ್ನ ಹೆಸರು ಬರ್ದೆ."

"ನನ್ನದಾ...? ನಂಬ್ತೀಯಾ ನನ್ನ?"

"ಕಾರು ಓಡಿಸೋಕೆ ನಂಬ್ತೀನಿ. ಮಿಕ್ಕಿದ್ದು ನಿಧಾನಕ್ಕೆ."

ಅವಳು ಅವನ ಎಡಕ್ಕೆ ಬಂದು ತೋಳು ಕೊಟ್ಟಳು. ಅವನು ಕೊಂಚ ತಡೆದು, ಭಾರ ಬಿಟ್ಟ.

"ಕೊರಿನ್, ನಂಗೆ ಭಯ ಆಗ್ತಿದೆ. ಇನ್ನು ಆಡೋಕೇ ಆಗಲ್ವೇನೋ ಅಂತ... ಇದನ್ನ ಬೇರೆ ಯಾರಿಗೂ ಹೇಳಿಲ್ಲ."

ಅವಳ ಕಣ್ಣು ತುಂಬಿತು.

"ನಂಗ್ಯಾಕೆ ಹೇಳ್ತಿದೀಯ, ಈರೊ?"

"ಇನ್ಯಾರಿಗೆ ಹೇಳ್ಲಿ?"